ತಮ್ಮದೇ ಕಾವು

ಮನುಷ್ಯನನ್ನು ನಂಬಿ ಭೂಮಿಯ ಮೂಲೆಮೂಲೆಗೂ ಹರಡಿಕೊಂಡ ಪ್ರಾಣಿಗಳಲ್ಲಿ ಬೆಕ್ಕು ಮತ್ತು ಕೋಳಿ ಎರಡೂ ಹುಟ್ಟಿನಿಂದ ಬಿಸಿಲುನಾಡಿನವು. ಇಂದಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕಿನ ಸಂತತಿಯೆಂದು 2007ರ ಆನುವಂಶಿಕ ಅಧ್ಯಯನವೊಂದು ತೋರಿಸಿದೆ. ಕಣಜದ ಇಲಿಗಳನ್ನು ಅರಸಿ ಮೊದಲ ಬೇಸಾಯಗಾರರ ಅಂಗಳಕ್ಕೆ ಬಂದ ಆ ಪ್ರಾಣಿ ಮುಂದೆ ಹಡಗುಗಳೊಡನೆ ಖಂಡಗಳನ್ನು ದಾಟಿತು. ಕೋಳಿಯ ಮುಖ್ಯ ಪೂರ್ವಜ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಬಿದಿರುಮೆಳೆಗಳಲ್ಲಿ ನೆಲ ಕೆದಕಿ ಬದುಕುವ ಕೆಂಪು ಕಾಡುಕೋಳಿ. ಅದರೊಡನೆ, ಕರ್ನಾಟಕದ ಮಲೆನಾಡಿಗರಿಗೆ ಕೂಗಿನಿಂದಲೇ ಪರಿಚಿತವಾದ ಬೂದು ಕಾಡುಕೋಳಿಯ ಅಂಶವೂ ಬೆರೆತಿದೆ: ಸಾಕುಕೋಳಿಗಳ ಚರ್ಮ ಮತ್ತು ಕಾಲಿಗೆ ಹಳದಿ ಬಣ್ಣ ತರುವ ವಂಶವಾಹಿ ಭಾರತದ ಈ ಹಕ್ಕಿಯಿಂದಲೇ ಬಂದಿತೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಅಮೆರಿಕದಲ್ಲಿ ರೂಪುಗೊಂಡ ಪ್ಲಿಮತ್ ರಾಕ್, ವಯಾಂಡಾಟ್, ರೋಡ್ ಐಲೆಂಡ್ ರೆಡ್ ಮುಂತಾದ ತಳಿಗಳೆಲ್ಲ ಹಳದಿ ಕಾಲಿನವು. ಹೀಗಾಗಿ ಮಿನ್ನೆಸೋಟದ ರೈತನೊಬ್ಬನ ಅಂಗಳದಲ್ಲಿ ಹಿಮದ ಮೇಲೆ ಹೆಜ್ಜೆಯಿಡಲು ಹಿಂಜರಿಯುವ ಕೋಳಿಯ ಕಾಲಿನಲ್ಲಿ ದಕ್ಷಿಣ ಭಾರತದ ಕಾಡಿನ ಒಂದು ಗುರುತು ಇಂದಿಗೂ ಉಳಿದಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಗಡಿಗೆ ಅಂಟಿಕೊಂಡಿರುವ ಮಿನ್ನೆಸೋಟ ರಾಜ್ಯದ ಚಳಿಗಾಲವನ್ನು ಕರ್ನಾಟಕದ ಚಳಿಯ ಅಳತೆಯಿಂದ ಊಹಿಸಿಕೊಳ್ಳುವುದು ಕಷ್ಟ. ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ರಾತ್ರಿಗಳ ಸರಾಸರಿ ಕನಿಷ್ಠ ಉಷ್ಣಾಂಶವೇ ಶೂನ್ಯಕ್ಕಿಂತ ಸುಮಾರು 13 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. 2019ರ ಜನವರಿಯ ಕೊನೆಯಲ್ಲಿ ಧ್ರುವಪ್ರದೇಶದ ಶೀತಗಾಳಿ ದಕ್ಷಿಣಕ್ಕೆ ಜಾರಿದಾಗ ಅದು ಶೂನ್ಯಕ್ಕಿಂತ 33 ಡಿಗ್ರಿ ಕೆಳಕ್ಕೆ ಇಳಿದಿತ್ತು. ರಾಜ್ಯದ ಉತ್ತರಭಾಗದ ಟವರ್ ಎಂಬ ಊರಿನ ಬಳಿ 1996ರ ಫೆಬ್ರುವರಿ 2ರಂದು ಶೂನ್ಯದಿಂದ 51 ಡಿಗ್ರಿ ಕೆಳಗಿನ ಉಷ್ಣಾಂಶ ದಾಖಲಾಯಿತು. ಡಿಸೆಂಬರಿನ ಮೂರನೆಯ ವಾರದಲ್ಲಿ ಇಲ್ಲಿ ಹಗಲೆಂಬುದು ಒಂಬತ್ತು ಗಂಟೆಯೂ ತುಂಬುವುದಿಲ್ಲ. ಇಂಥ ನೆಲದಲ್ಲಿ ಮನೆಯೊಳಗಿನ ಬೆಚ್ಚನೆಯ ಕೋಣೆಗೆ ಪ್ರವೇಶವಿಲ್ಲದೆ, ಹೊರಗೇ ಉಳಿದು ಐದು ತಿಂಗಳು ಕಳೆಯಬೇಕಾದ ಕೊಟ್ಟಿಗೆಯ ಬೆಕ್ಕು, ಬೀದಿಯ ಬೆಕ್ಕು, ಹಿತ್ತಿಲ ಕೋಳಿಗಳನ್ನು ಕಾಪಾಡುವುದು ಹೇಗೆಂಬ ಪ್ರಶ್ನೆ ಅಲ್ಲಿನವರಿಗೆ ಪ್ರತಿ ಅಕ್ಟೋಬರಿನಲ್ಲೂ ಹೊಸದಾಗಿ ಎದುರಾಗುತ್ತದೆ.

ಚಳಿ ಎಂದೊಡನೆ ಮನುಷ್ಯನಿಗೆ ಹೊಳೆಯುವುದು ಬೆಂಕಿ ಮತ್ತು ಕಂಬಳಿ. ಮೈಮೇಲೆ ರೋಮವಿಲ್ಲದ, ಹೊರಗಿನಿಂದ ಶಾಖ ಪಡೆದೇ ಶೀತದೇಶಗಳಲ್ಲಿ ನೆಲೆಸಿದ ಜೀವಿಗೆ ಅದು ಸಹಜವಾದ ಯೋಚನೆ. ಆದರೆ ಬೆಕ್ಕು ಮತ್ತು ಕೋಳಿಗಳ ವಿಷಯದಲ್ಲಿ ಪ್ರೀತಿಯಿಂದಲೇ ನಡೆಯುವ ಬಹುಪಾಲು ಅನಾಹುತಗಳಿಗೆ ಈ ಯೋಚನೆಯೇ ಮೂಲ. ಆರೋಗ್ಯವಂತ ಕೋಳಿಯ ಒಳಮೈ ಸುಮಾರು 41 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ, ಬೆಕ್ಕಿನದು 38ರಿಂದ 39. ಅಂದರೆ ಎರಡೂ ಮನುಷ್ಯನಿಗಿಂತ ಬಿಸಿಯಾದ ಮೈಯವು. ತಿಂದ ಆಹಾರವನ್ನು ಉರಿಸಿ ತಮ್ಮ ಶಾಖವನ್ನು ತಾವೇ ತಯಾರಿಸಿಕೊಳ್ಳುವಂಥವು. ಅವುಗಳಿಗೆ ಶಾಖವನ್ನು ಕೊಡಬೇಕಾದುದಕ್ಕಿಂತ ಹೆಚ್ಚಾಗಿ, ಅವು ಹುಟ್ಟಿಸಿಕೊಂಡ ಶಾಖ ಸೋರಿಹೋಗದಂತೆ ಕಾಯಬೇಕು. ಶಾಖ ಸೋರುವ ದಾರಿಗಳು ಕೆಲವೇ: ಮೈಗೆ ತಾಗಿ ಬೀಸುವ ಗಾಳಿ, ಅಂಗಾಲಿನಡಿಯ ತಣ್ಣನೆಯ ನೆಲ, ಎಲ್ಲಕ್ಕಿಂತ ಹೆಚ್ಚಾಗಿ ತೇವ. ಒದ್ದೆ ತುಪ್ಪಳದಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದುಕೊಳ್ಳುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುವುದರಿಂದ, ಮೈ ಒಣಗಿರುವ ಬೆಕ್ಕು ತಡೆದುಕೊಳ್ಳುವ ಚಳಿಯಲ್ಲಿ ನೆನೆದ ಬೆಕ್ಕು ಬದುಕುಳಿಯಲಾರದು. ಚಳಿಗಾಲದ ಪ್ರಾಣಿಪಾಲನೆಯ ತಿಳಿವಳಿಕೆಯೆಲ್ಲ ಈ ಒಂದು ಸಂಗತಿಯ ಸುತ್ತ ಹೆಣೆದುಕೊಂಡಿದೆ.

ಕೋಳಿಯ ಮೈಯನ್ನೇ ಗಮನಿಸಿದರೆ ಅದಕ್ಕೆ ಕಂಬಳಿಯ ಅಗತ್ಯ ಏಕಿಲ್ಲವೆಂಬುದು ತಿಳಿಯುತ್ತದೆ. ಹೊರಗರಿಗಳ ಅಡಿಯಲ್ಲಿ ಎಳೆಎಳೆಯಾಗಿ ಬಿಡಿಸಿಕೊಂಡ ಮೃದುವಾದ ಒಳಗರಿಗಳ ಪದರವಿದ್ದು, ಕೋಳಿ ಗರಿ ಕೆದರಿ ಉಬ್ಬಿಕೊಂಡಾಗ ಆ ಪದರದಲ್ಲಿ ಸಿಕ್ಕಿಬಿದ್ದ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಗರಿಯಿಲ್ಲದ ಕಾಲುಗಳಿಗೆ ಬೇರೆ ಏರ್ಪಾಡಿದೆ. ಕಾಲಿಗೆ ಇಳಿಯುವ ಬಿಸಿರಕ್ತದ ನಾಳಗಳೂ ಪಾದದಿಂದ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಅಕ್ಕಪಕ್ಕದಲ್ಲೇ ಸಾಗುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾಟಿಸಿ ಪಾದಕ್ಕೆ ಹೋಗುವುದರಿಂದ ಮೈಯ ಶಾಖ ಹಿಮದ ಪಾಲಾಗದೆ ಮೈಗೇ ಮರಳುತ್ತದೆ. ಕೆಲವರು ಮಮತೆಯಿಂದ ಉಣ್ಣೆಯಲ್ಲಿ ಹೆಣೆದು ತೊಡಿಸುವ ಸ್ವೆಟರು ಈ ವ್ಯವಸ್ಥೆಗೆ ಅಡ್ಡಿಯೇ ಹೊರತು ಸಹಾಯವಲ್ಲ: ಅದು ಗರಿಗಳನ್ನು ಮೈಗೆ ಒತ್ತಿ, ಅವುಗಳ ನಡುವೆ ಗಾಳಿ ನಿಲ್ಲದಂತೆ ಮಾಡುತ್ತದೆ, ನೆನೆದರೆ ತೇವವನ್ನು ಮೈಗೆ ಅಂಟಿಸಿಡುತ್ತದೆ. ಕೋಳಿಯ ನಿಜವಾದ ದೌರ್ಬಲ್ಯ ಇರುವುದು ಅದರ ನೆತ್ತಿಯ ಕೆಂಪು ಜುಟ್ಟಿನಲ್ಲಿ ಮತ್ತು ಗದ್ದದ ಕೆಳಗಿನ ಜೋಲುಗಳಲ್ಲಿ. ಬೆವರುಗ್ರಂಥಿಗಳಿಲ್ಲದ ಹಕ್ಕಿಗೆ ಇವು ಸೆಕೆಗಾಲದಲ್ಲಿ ಮೈಬಿಸಿಯನ್ನು ಹೊರಚೆಲ್ಲುವ ಅಂಗಗಳು. ಉಷ್ಣವಲಯದ ಪೂರ್ವಜರಿಗೆ ವರವಾಗಿದ್ದ ಈ ತೆಳುಮಾಂಸವೇ ಹಿಮದ ನಾಡಿನಲ್ಲಿ ಶಾಪವಾಗುತ್ತದೆ. ಹಿಮಕಡಿತ, ಅಂದರೆ ಅಂಗಾಂಶದೊಳಗಿನ ದ್ರವ ಹೆಪ್ಪುಗಟ್ಟಿ ರಕ್ತಸಂಚಾರ ನಿಂತು ಆ ಭಾಗ ಸಾಯುವ ಸ್ಥಿತಿ, ಮೊದಲು ಕಾಣಿಸಿಕೊಳ್ಳುವುದು ಜುಟ್ಟಿನ ತುದಿಗಳಲ್ಲಿ: ಅವು ಬಿಳಿಚಿಕೊಂಡು, ಊದಿಕೊಂಡು, ಕ್ರಮೇಣ ಕಪ್ಪಾಗಿ ಉದುರುತ್ತವೆ. ಎತ್ತರದ ಒಂಟಿ ಜುಟ್ಟಿನ ಲೆಗ್‌ಹಾರ್ನ್ ಹುಂಜಗಳಿಗೆ ಈ ಅಪಾಯ ಹೆಚ್ಚು, ನೆತ್ತಿಗೆ ಒತ್ತಿಕೊಂಡ ಗುಲಾಬಿ ಜುಟ್ಟಿನ ವಯಾಂಡಾಟ್‌ಗಳಿಗೆ ಕಡಿಮೆ.

ಈ ಸಂಗತಿಯನ್ನು ಗಂಭೀರವಾಗಿ ತೆಗೆದುಕೊಂಡು ಒಂದು ತಳಿಯನ್ನೇ ರೂಪಿಸಿದ ಸಾಹಸ ಕೆನಡಾದಲ್ಲಿ ನಡೆಯಿತು. ಮಾಂಟ್ರಿಯಲ್ ನಗರದ ಪಶ್ಚಿಮಕ್ಕಿರುವ ಓಕಾ ಎಂಬಲ್ಲಿ, ಮೌನ ಮತ್ತು ದೈಹಿಕ ದುಡಿಮೆಗಳನ್ನು ವ್ರತವಾಗಿಸಿಕೊಂಡ ಟ್ರ್ಯಾಪಿಸ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳ ಮಠವೊಂದಿತ್ತು. ಅಲ್ಲಿನ ಕೋಳಿಸಾಕಣೆಯ ಹೊಣೆ ಹೊತ್ತಿದ್ದ ಬ್ರದರ್ ವಿಲ್ಫ್ರಿಡ್ ಶಾತ್ಲೆನ್ 1908ರ ಸುಮಾರಿಗೆ ತಳಿಸಂಕರಣದ ಕೆಲಸಕ್ಕೆ ಕೈಹಾಕಿದರು. ಡಾರ್ಕ್ ಕಾರ್ನಿಶ್, ವೈಟ್ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್, ವೈಟ್ ವಯಾಂಡಾಟ್, ವೈಟ್ ಪ್ಲಿಮತ್ ರಾಕ್ ಎಂಬ ಐದು ತಳಿಗಳನ್ನು ಹಂತಹಂತವಾಗಿ ಕೂಡಿಸುತ್ತ, ಚಳಿಗಾಲದಲ್ಲೂ ಮೊಟ್ಟೆಯಿಡುವ, ಮಾಂಸಕ್ಕೂ ಒದಗುವ, ಜುಟ್ಟು ಮತ್ತು ಜೋಲುಗಳು ಇಲ್ಲವೇ ಇಲ್ಲವೆನ್ನುವಷ್ಟು ಚಿಕ್ಕವಾಗಿರುವ ಬಿಳಿ ಕೋಳಿಯನ್ನು ಅವರು ಹತ್ತು ವರ್ಷಗಳ ಪರಿಶ್ರಮದಿಂದ ಪಡೆದರು. ಶಾಂಟೆಕ್ಲೇರ್ ಎಂದು ಹೆಸರಾದ ಈ ತಳಿಗೆ 1921ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ನಿನ ಮಾನ್ಯತೆ ದೊರೆಯಿತು. ಕಾರ್ಖಾನೆ ಮಾದರಿಯ ಕೋಳಿಸಾಕಣೆ ಹಬ್ಬಿ, ಬಿಸಿಮಾಡಿದ ಷೆಡ್ಡುಗಳಲ್ಲಿ ಯಾವ ತಳಿಯನ್ನಾದರೂ ಸಾಕಬಹುದಾದಾಗ ಇದರ ಅಗತ್ಯ ಕುಸಿಯಿತು. 1970ರ ದಶಕದ ಕೊನೆಗೆ ತಳಿ ಅಳಿದೇಹೋಯಿತೆಂದು ಭಾವಿಸಲಾಗಿತ್ತು, ಆಮೇಲೆ ಸಣ್ಣ ರೈತರ ಹಿತ್ತಿಲುಗಳಲ್ಲಿ ಉಳಿದುಕೊಂಡಿದ್ದುದು ಕಂಡುಬಂತು. ಬಿಸಿಯನ್ನು ಹೊರಗಿನಿಂದ ತರುವುದರ ಬದಲು ಹಕ್ಕಿಯ ಮೈಯನ್ನೇ ಆ ನೆಲಕ್ಕೆ ಹೊಂದಿಸಿದ ಈ ಕೆಲಸ ಇನ್ನಷ್ಟು ಗೌರವಕ್ಕೆ ಅರ್ಹವಾದುದು.

ಕೋಳಿಗೂಡಿನ ವಿಷಯಕ್ಕೆ ಬಂದರೆ ಹೊಸಬರು ಮಾಡುವ ಮೊದಲ ಕೆಲಸ ಎಲ್ಲ ಕಿಂಡಿಗಳನ್ನೂ ಭದ್ರವಾಗಿ ಮುಚ್ಚುವುದು. ಚಳಿಗೆ ಬಾಗಿಲು ಹಾಕಿದೆವೆಂಬ ನೆಮ್ಮದಿ ಅವರಿಗೆ ಆ ರಾತ್ರಿ ಸಿಗುತ್ತದೆ, ಕೋಳಿಗಳಿಗೆ ಸಿಗುವುದಿಲ್ಲ. ಹತ್ತಾರು ಕೋಳಿಗಳು ರಾತ್ರಿಯಿಡೀ ಉಸಿರಾಡುತ್ತವೆ, ಹಿಕ್ಕೆ ಹಾಕುತ್ತವೆ. ಕೋಳಿ ಮೂತ್ರವನ್ನು ಬೇರೆಯಾಗಿ ಬಿಡದೆ ಹಿಕ್ಕೆಯೊಡನೆಯೇ ಹೊರಹಾಕುವುದರಿಂದ ಆ ಹಿಕ್ಕೆಯ ಮುಕ್ಕಾಲು ಪಾಲು ನೀರೇ ಆಗಿರುತ್ತದೆ. ಈ ನೀರೆಲ್ಲ ಆವಿಯಾಗಿ ಮುಚ್ಚಿದ ಗೂಡಿನೊಳಗೇ ತುಂಬಿಕೊಂಡು, ಜುಟ್ಟಿನ ಮೇಲೆ ಹನಿಯಾಗಿ ಕೂತು, ನಸುಕಿನ ಚಳಿಗೆ ಹೆಪ್ಪುಗಟ್ಟುತ್ತದೆ. ಹಿಕ್ಕೆ ಕೊಳೆತು ಹೊಮ್ಮುವ ಅಮೋನಿಯ ಅನಿಲ ಕಣ್ಣು ಮತ್ತು ಶ್ವಾಸನಾಳಗಳನ್ನು ಸುಡುತ್ತದೆ. ಒಣಗಿದ ಗೂಡಿನಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ರಾತ್ರಿಯನ್ನು ಸುಕ್ಷೇಮವಾಗಿ ಕಳೆಯಬಲ್ಲ ದೊಡ್ಡ ಮೈಯ ಕೋಳಿಗಳು, ತೇವ ತುಂಬಿದ ಗೂಡಿನಲ್ಲಿ ಅದಕ್ಕಿಂತ ಎಷ್ಟೋ ಸೌಮ್ಯವಾದ ಚಳಿಗೇ ಜುಟ್ಟು ಕಳೆದುಕೊಳ್ಳುತ್ತವೆ. ಬೆಳಿಗ್ಗೆ ಗೂಡಿನ ಕಿಟಕಿಯ ಗಾಜಿನ ಒಳಮೈಯಲ್ಲಿ ಹಿಮದ ಪದರ ಕಟ್ಟಿದ್ದರೆ, ಒಳಗಿನ ತೇವಕ್ಕೆ ಹೊರಹೋಗುವ ದಾರಿಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಗಾಳಿಯಾಟ ಮತ್ತು ಗಾಳಿಹೊಡೆತ ಎಂಬ ಎರಡನ್ನು ಬೇರೆಬೇರೆಯಾಗಿ ನೋಡಲೇಬೇಕು. ಕೋಳಿಗಳು ಕೂರುವ ಎತ್ತರದಲ್ಲಿ, ಗರಿಯನ್ನು ಕದಲಿಸುವಂತೆ ಬೀಸುವ ಗಾಳಿ ಹೊಡೆತ, ಅದನ್ನು ತಡೆಯಬೇಕು. ಕೋಳಿಗಳ ತಲೆಗಿಂತ ಸಾಕಷ್ಟು ಮೇಲೆ, ಸೂರಿನ ಅಂಚಿನ ಕಿಂಡಿಗಳ ಮೂಲಕ ಬಿಸಿಯಾದ ತೇವದ ಗಾಳಿ ನಿಧಾನವಾಗಿ ಹೊರಹೋಗುವುದು ಗಾಳಿಯಾಟ. ಎಂಥ ಕಡುಚಳಿಯಲ್ಲೂ ಅದನ್ನು ನಿಲ್ಲಿಸಬಾರದು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲೇ ಅಮೆರಿಕದ ಕೆಲವು ಕೋಳಿಸಾಕಣೆಗಾರರು ದಕ್ಷಿಣದ ಗೋಡೆಯಲ್ಲಿ ಬರೀ ತಂತಿಬಲೆಯಿದ್ದು ಉಳಿದ ಮೂರು ಗೋಡೆಗಳು ಬಿಗಿಯಾಗಿರುವ ತೆರೆದ ಮುಖದ ಗೂಡುಗಳನ್ನು ಕಟ್ಟಿ, ಹಿಮಪ್ರದೇಶಗಳಲ್ಲೂ ಅವು ಯಶಸ್ವಿಯಾಗುವುದನ್ನು ತೋರಿಸಿದ್ದರು. ಮೂರು ಕಡೆ ಮುಚ್ಚಿದ ಆಳವಾದ ಗೂಡಿನಲ್ಲಿ ಗಾಳಿ ಹಾಯ್ದುಹೋಗಲು ದಾರಿಯಿಲ್ಲದೆ ಹಿಂಭಾಗದ ಗಾಳಿ ನಿಶ್ಚಲವಾಗಿಯೇ ಉಳಿಯುತ್ತದೆ. ಕೋಳಿಗಳು ಕೂರುವ ಅಡ್ಡಪಟ್ಟಿಗಳಿಗೂ ಇದೇ ಕಾಳಜಿ ಬೇಕು: ದುಂಡನೆಯ ಕೋಲಿನ ಬದಲು ಸುಮಾರು 9 ಸೆಂಟಿಮೀಟರ್ ಅಗಲದ ಚಪ್ಪಟೆ ಪಟ್ಟಿಯಿದ್ದರೆ ಕೋಳಿ ಬೆರಳುಗಳನ್ನು ಚಾಚಿ ಕುಳಿತು, ಎದೆಯ ಗರಿಗಳಿಂದ ಅವನ್ನು ಪೂರ್ತಿ ಮುಚ್ಚಿಕೊಳ್ಳಬಲ್ಲದು. ಲೋಹದ ಕೊಳವೆಗಳನ್ನು ಅಡ್ಡಪಟ್ಟಿಯಾಗಿ ಬಳಸುವುದು ಬೆರಳುಗಳಿಗೆ ಮಾಡುವ ಅನ್ಯಾಯ.

ನೆಲದ ಹಾಸಿನ ಬಗ್ಗೆ ಕರ್ನಾಟಕದ ಕೋಳಿಸಾಕಣೆಗಾರರಿಗೆ ಹೆಚ್ಚು ವಿವರಿಸಬೇಕಿಲ್ಲ. ಭತ್ತದ ಹೊಟ್ಟನ್ನೋ ಕಡಲೆಕಾಯಿ ಸಿಪ್ಪೆಯನ್ನೋ ದಪ್ಪವಾಗಿ ಹರಡಿ, ಅದನ್ನು ಆಗಾಗ ಕೆದಕುತ್ತ ತಿಂಗಳುಗಟ್ಟಲೆ ಬಳಸುವ ಡೀಪ್ ಲಿಟರ್ ಪದ್ಧತಿ ಇಲ್ಲಿ ಪರಿಚಿತವೇ. 1940ರ ದಶಕದಲ್ಲಿ ಒಹಾಯೋ ರಾಜ್ಯದ ಕೃಷಿ ಪ್ರಯೋಗಕೇಂದ್ರದಲ್ಲಿ ಡಿ. ಸಿ. ಕೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಇಂಥ ಕೂಡಿಟ್ಟ ಹಾಸಿನ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಶಾಸ್ತ್ರೀಯ ನೆಲೆ ಒದಗಿಸಿದವು. ಹಿಮದ ನಾಡಿನಲ್ಲಿ ಮರದ ಹೊಟ್ಟಿನ ಮೇಲೆ ಶರತ್ಕಾಲದಿಂದ ಪದರಪದರವಾಗಿ ಹೊಸ ಹೊಟ್ಟು ಸೇರಿಸುತ್ತ ಹೋದರೆ, ಕೆಳಗಿನ ಪದರಗಳಲ್ಲಿ ಸೂಕ್ಷ್ಮಜೀವಿಗಳು ಹಿಕ್ಕೆಯನ್ನು ಕೊಳೆಸುವಾಗ ಸ್ವಲ್ಪ ಶಾಖ ಹುಟ್ಟುತ್ತದೆ. ಆ ಶಾಖಕ್ಕಿಂತಲೂ ಮುಖ್ಯವಾದುದು ಒಣ ಹಾಸು ಕೊರೆಯುವ ನೆಲಕ್ಕೂ ಕೋಳಿಯ ಪಾದಕ್ಕೂ ನಡುವೆ ನಿಲ್ಲುವುದು. ಹಾಸು ಒದ್ದೆಯಾಗಿ ಗಟ್ಟಿಹೆಂಟೆಯಾದರೆ ಈ ಲಾಭವೆಲ್ಲ ಕೈತಪ್ಪುತ್ತದೆ, ಆದ್ದರಿಂದ ನೀರಿನ ಪಾತ್ರೆಯನ್ನು ಗೂಡಿನೊಳಗೆ ಚೆಲ್ಲುವಂತೆ ಇಡದಿರುವುದು ಲೇಸು.

ನೀರಿನ ಮಾತು ಬಂದಿತು. ಚಳಿಗಾಲದಲ್ಲಿ ಕೋಳಿಗೆ ಮೇವು ಹಾಕಲು ಮರೆಯುವವರು ವಿರಳ, ನೀರಿನ ಬಗ್ಗೆ ಉದಾಸೀನರಾಗುವವರು ಬಹಳ. ಸಿಪ್ಪೆ ಬಿಟ್ಟರೆ ಮೊಟ್ಟೆಯ ಮುಕ್ಕಾಲು ಭಾಗ ನೀರು. ಬೆಳಿಗ್ಗೆ ಇಟ್ಟ ನೀರು ಒಂದೆರಡು ಗಂಟೆಯಲ್ಲಿ ಕಲ್ಲಾದರೆ ಕೋಳಿ ಮೊಟ್ಟೆ ನಿಲ್ಲಿಸುವುದಷ್ಟೇ ಅಲ್ಲ, ನೀರಿಲ್ಲದೆ ಒಣ ಮೇವನ್ನು ನುಂಗಲಾರದೆ ಮೇವನ್ನೂ ಕಡಿಮೆ ಮಾಡುತ್ತದೆ, ಮೇವು ಕಡಿಮೆಯಾದಂತೆ ಮೈಯ ಕಾವೂ ಇಳಿಯುತ್ತದೆ. ವಿದ್ಯುತ್ತಿನಿಂದ ಸ್ವಲ್ಪವೇ ಬಿಸಿಯಾಗುವ ಪೀಠದ ಮೇಲೆ ನೀರಿನ ಪಾತ್ರೆಯನ್ನಿಡುವುದು, ಅದಿಲ್ಲದಿದ್ದರೆ ತಿರುಗಿಸಿ ಒದ್ದರೂ ಒಡೆಯದ ಕಪ್ಪು ರಬ್ಬರ್ ತೊಟ್ಟಿಗಳಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಉಗುರುಬೆಚ್ಚಗಿನ ನೀರು ತುಂಬುವುದು ಅಲ್ಲಿನ ರೂಢಿ. ಡಿಸೆಂಬರಿನ ರಾತ್ರಿ ಹದಿನೈದು ಗಂಟೆಯಷ್ಟು ದೀರ್ಘವಾಗಿರುವುದರಿಂದ, ಮುಸ್ಸಂಜೆಯಲ್ಲಿ ಕೋಳಿಗಳು ಅಡ್ಡಪಟ್ಟಿ ಏರುವ ಮುನ್ನ ಅವುಗಳ ಮುಂದೆ ಒಂದಿಷ್ಟು ಮೆಕ್ಕೆಜೋಳದ ಕಾಳು ಚೆಲ್ಲುವ ಪದ್ಧತಿಯೂ ಇದೆ. ಗಂಟಲ ಬುಡದ ಚೀಲದಲ್ಲಿ ಕೂಡಿಟ್ಟ ಆ ಕಾಳು ರಾತ್ರಿಯುದ್ದಕ್ಕೂ ನಿಧಾನವಾಗಿ ಜೀರ್ಣವಾಗುತ್ತ ಒಳಗಿನ ಕಾವಿಗೆ ಇಂಧನವಾಗುತ್ತದೆ. ಹಗಲು ಕುಗ್ಗಿದಾಗ ಮೊಟ್ಟೆ ಕುಗ್ಗುವುದಕ್ಕೆ ಚಳಿಗಿಂತ ಬೆಳಕಿನ ಕೊರತೆಯೇ ಕಾರಣ. ನಸುಕಿನಲ್ಲಿ ದೀಪ ಹಚ್ಚಿ ಹಗಲನ್ನು ಹದಿನಾಲ್ಕು ಗಂಟೆಗೆ ಹಿಗ್ಗಿಸಿದರೆ ಮೊಟ್ಟೆ ಮರಳುತ್ತದೆ. ಆದರೂ ಶರತ್ಕಾಲದಲ್ಲಿ ಹಳೆಯ ಗರಿಗಳನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತಿರುವ ಹಕ್ಕಿಯನ್ನು ಆಗಲೂ ಮೊಟ್ಟೆಗಾಗಿ ಒತ್ತಾಯಿಸುವುದಕ್ಕಿಂತ ಎರಡು ತಿಂಗಳ ವಿಶ್ರಾಂತಿ ಕೊಡುವುದು ಮಾನವೀಯವಾದುದು.

ದೀಪವೆಂದಾಗ ಇನ್ನೊಂದು ಬಗೆಯ ದೀಪದ ಕುರಿತು ಎಚ್ಚರಿಸದೆ ಮುಂದೆ ಹೋಗುವಂತಿಲ್ಲ. 250 ವಾಟ್ ಶಕ್ತಿಯ ಕೆಂಪು ಶಾಖದೀಪವನ್ನು ಸರಪಳಿಗೆ ಕಟ್ಟಿ ಗೂಡಿನೊಳಗೆ ಇಳಿಬಿಡುವುದು ಹಿಮಪ್ರದೇಶಗಳಲ್ಲಿ ಸಾಮಾನ್ಯ. ಸುತ್ತಲೂ ಒಣಹುಲ್ಲು, ಮರದ ಹೊಟ್ಟು, ಗರಿಯ ನುಣ್ಣನೆಯ ಧೂಳು, ನಡುವೆ ರೆಕ್ಕೆ ಬಡಿದು ಹಾರುವ ಹಕ್ಕಿಗಳು. ಕೊಂಡಿ ಕಳಚಿ ದೀಪ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಗೂಡೆಲ್ಲ ಉರಿದುಹೋಗುತ್ತದೆ, ಒಳಗಿನ ಜೀವಗಳಿಗೆ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ. ಇಂಥ ಬೆಂಕಿ ಅನಾಹುತಗಳು ಚಳಿಗಾಲದಲ್ಲೇ ಹೆಚ್ಚುತ್ತವೆ. ಇದರ ಜೊತೆಗೆ, ಶರತ್ಕಾಲದಿಂದ ಕ್ರಮೇಣ ಹೆಚ್ಚುವ ಚಳಿಗೆ ದಟ್ಟವಾದ ಗರಿ ಬೆಳೆಸಿಕೊಂಡು ಒಗ್ಗಿಕೊಳ್ಳಬೇಕಾದ ಕೋಳಿ ದೀಪದ ಬಿಸಿಗೆ ಒಗ್ಗಿಕೊಂಡರೆ, ಹಿಮಬಿರುಗಾಳಿಗೆ ವಿದ್ಯುತ್ ಕಡಿದ ರಾತ್ರಿಯಲ್ಲಿ ಅದರ ಗತಿ ದೀಪವನ್ನೇ ಕಾಣದ ಕೋಳಿಗಿಂತ ಕಷ್ಟವಾಗುತ್ತದೆ. ಕಾಯಿಲೆಬಿದ್ದ, ಮುಪ್ಪಾದ, ಗರಿ ಉದುರಿಸಿ ಬತ್ತಲಾದ ಹಕ್ಕಿಗಳನ್ನು ಕಟ್ಟಡದ ಬೆಚ್ಚನೆಯ ಭಾಗಕ್ಕೆ ಒಯ್ದು ಇರಿಸಬಹುದು. ಇಡೀ ಹಿಂಡಿಗಾಗಿ ಶಾಖದೀಪ ತೂಗುಹಾಕುವುದನ್ನು ಸಮರ್ಥಿಸಲು ಸಾಧ್ಯವಿಲ್ಲ. ಬಾತು ಮತ್ತು ಹೆಬ್ಬಾತುಗಳ ಎಣ್ಣೆಗರಿ ಕೋಳಿಯ ಗರಿಗಿಂತಲೂ ಗಟ್ಟಿಯಾದುದರಿಂದ ಅವುಗಳ ಬಗ್ಗೆ ಇಷ್ಟು ಚಿಂತೆ ಬೇಡ.

ಬೆಕ್ಕಿನ ಸ್ಥಿತಿ ಕೋಳಿಯದಕ್ಕಿಂತ ಕರುಣಾಜನಕ. ಕೋಳಿಗೆ ಒಡೆಯನಿದ್ದಾನೆ, ಗೂಡಿದೆ. ಹೊರಗಿನ ಬೆಕ್ಕಿಗೆ ಅನೇಕ ವೇಳೆ ಎರಡೂ ಇಲ್ಲ. ಕರ್ನಾಟಕದ ಹಳ್ಳಿಮನೆಗಳಲ್ಲಿ ಬೆಕ್ಕು ಪೂರ್ತಿ ಒಳಗಿನದೂ ಅಲ್ಲ, ಪೂರ್ತಿ ಹೊರಗಿನದೂ ಅಲ್ಲ. ಹಗಲೆಲ್ಲ ಊರು ಸುತ್ತಿ ರಾತ್ರಿ ಆರಿದ ಒಲೆಯ ಬೂದಿಯ ಬಳಿ ಮುದುರಿ ಮಲಗುತ್ತದೆ. ಎರಡು ಪದರದ ಗಾಜು, ಬಿಗಿಯಾದ ಬಾಗಿಲುಗಳಿಂದ ಒಂದಿಷ್ಟೂ ಶಾಖ ಸೋರದಂತೆ ಕಟ್ಟಿದ ಉತ್ತರ ಅಮೆರಿಕದ ಮನೆಗಳಲ್ಲಿ ಅಂಥ ನಡುವಿನ ಜಾಗವೇ ಇಲ್ಲ. ಮಿನಿಯಾಪೊಲಿಸ್, ಷಿಕಾಗೊ, ಟೊರಾಂಟೊಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಮೆಟ್ಟಿಲ ಕೆಳಗಿನ ಪೊಟರೆಯಿಂದ ಇಣುಕುವ ಬೆಕ್ಕಿನ ಮುಂದೆ ಈ ಅಂತರ ಕಣ್ಣಿಗೆ ಹೊಡೆಯುವಂತಿರುತ್ತದೆ. ಹೈನುಗಾರರ ಎರಡಂತಸ್ತಿನ ಕೊಟ್ಟಿಗೆಗಳಲ್ಲಿ ಬದುಕುವ ಬೆಕ್ಕುಗಳು ಪುಣ್ಯವಂತವು: ಕೆಳಗೆ ಹಸುಗಳ ಮೈಬಿಸಿ, ಮೇಲೆ ಅಟ್ಟದ ತುಂಬ ಒಣಮೇವಿನ ಹೊರೆಗಳು, ಹೊರೆಗಳ ನಡುವೆ ಇಲಿಗಳು. ಊರೊಳಗಿನ ಬೆಕ್ಕಿಗೆ ಸಿಗುವುದು ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿ ಹೊರಬರುವ ಕೊಳವೆಯ ಬಾಯಿ, ಇಲ್ಲವೆ ಆಗತಾನೆ ನಿಂತ ಕಾರಿನ ಎಂಜಿನ್ನಿನ ಸಂದು. ಆದ್ದರಿಂದಲೇ ಅಲ್ಲಿನವರು ಚಳಿಗಾಲದಲ್ಲಿ ಕಾರು ಚಾಲೂ ಮಾಡುವ ಮುನ್ನ ಬಾನೆಟ್ಟಿನ ಮೇಲೆ ಎರಡು ಬಾರಿ ತಟ್ಟುತ್ತಾರೆ.

ಇಂಥ ಬೆಕ್ಕುಗಳಿಗಾಗಿ ಪ್ರಾಣಿಪ್ರಿಯರು ತಯಾರಿಸುವ ಚಳಿಗಾಲದ ಪೆಟ್ಟಿಗೆ ಬಹಳ ಸರಳವಾದುದು, ಆದರೆ ಅದರ ಪ್ರತಿಯೊಂದು ಅಳತೆಯ ಹಿಂದೆಯೂ ಕಾರಣವಿದೆ. ನೂರು ಲೀಟರ್ ಹಿಡಿಯುವಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಳಬದಿಗೆ, ನೆಲ ಮತ್ತು ಮುಚ್ಚಳವೂ ಸೇರಿದಂತೆ, ಎರಡೂವರೆ ಸೆಂಟಿಮೀಟರ್ ದಪ್ಪದ ಥರ್ಮೊಕೋಲ್ ಹಾಳೆಗಳನ್ನು ಹೊಂದಿಸಿ, ಒಂದು ಬದಿಯಲ್ಲಿ ಸುಮಾರು 15 ಸೆಂಟಿಮೀಟರ್ ಅಗಲದ ಬಾಗಿಲು ಕೊರೆಯುತ್ತಾರೆ. ಬಾಗಿಲು ಇದಕ್ಕಿಂತ ದೊಡ್ಡದಾದರೆ ಒಳಗಿನ ಬಿಸಿ ಹೊರಹೋಗುವುದಷ್ಟೇ ಅಲ್ಲದೆ ನಾಯಿ, ರಕೂನ್ ಮೊದಲಾದ ಪ್ರಾಣಿಗಳೂ ನುಗ್ಗಬಹುದು. ಪೆಟ್ಟಿಗೆ ವಿಶಾಲವಾಗಿದ್ದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಒಂದೆರಡು ಬೆಕ್ಕುಗಳ ಮೈಬಿಸಿಯಿಂದಲೇ ಒಳಗಿನ ಗಾಳಿ ಬೆಚ್ಚಗಾಗಬೇಕಾದುದರಿಂದ ಅವು ಒತ್ತಾಗಿ ಮುದುರಿಕೊಳ್ಳುವಷ್ಟು ಮಾತ್ರ ಜಾಗವಿರಬೇಕು. ನೆಲದ ಥಂಡಿ ಏರದಂತೆ ಅದನ್ನು ಹಲಗೆಯ ಮೇಲೋ ಇಟ್ಟಿಗೆಯ ಮೇಲೋ ಎತ್ತರಿಸಿ, ಬಾಗಿಲನ್ನು ಗಾಳಿಗೆ ಬೆನ್ನಾಗಿಸಿ ಗೋಡೆಯ ಕಡೆಗೆ ತಿರುಗಿಸಿ, ಬಿರುಗಾಳಿಗೆ ಹಾರದಂತೆ ಮುಚ್ಚಳದ ಮೇಲೆ ಭಾರ ಹೇರುತ್ತಾರೆ. ಮೇಲೆ ಹಿಮ ಬಿದ್ದರೆ ಅದನ್ನು ಸರಿಸಬೇಕಿಲ್ಲ. ಹಗುರವಾದ ಹೊಸ ಹಿಮ ತನ್ನೊಳಗೆ ಗಾಳಿ ಹಿಡಿದಿಟ್ಟುಕೊಂಡು ಪೆಟ್ಟಿಗೆಗೆ ಇನ್ನೊಂದು ಹೊದಿಕೆಯಾಗುತ್ತದೆ. ಬಾಗಿಲ ಮುಂದಿನ ಹಿಮವನ್ನು ಮಾತ್ರ ಪ್ರತಿ ಸಲವೂ ತೆಗೆಯಬೇಕು, ಇಲ್ಲವಾದರೆ ಒಳಗಿರುವ ಬೆಕ್ಕು ಸೆರೆಯಾಗುತ್ತದೆ.

ಒಳಗೆ ಏನು ಹಾಸಬೇಕೆಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಹಳೆಯ ಕಂಬಳಿ, ಟವೆಲ್ಲು, ದಿಂಬುಗಳನ್ನು ತುಂಬುವವರ ಮನಸ್ಸು ಒಳ್ಳೆಯದೇ, ಆದರೆ ಬಟ್ಟೆ ಬೆಕ್ಕಿನ ಪಾದಕ್ಕೆ ಅಂಟಿಬಂದ ಹಿಮವನ್ನೂ ಅದರ ಉಸಿರಿನ ತೇವವನ್ನೂ ಹೀರಿಕೊಂಡು ಹೆಪ್ಪುಗಟ್ಟಿ, ಮಲಗಿದ ಜೀವದ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಬಳಸಬೇಕಾದುದು ತೆನೆ ಬಡಿದು ಕಾಳು ತೆಗೆದ ಮೇಲೆ ಉಳಿಯುವ ಗೋಧಿ ಅಥವಾ ಓಟ್ಸ್ ಪೈರಿನ ಹುಲ್ಲು. ಅದರ ಪ್ರತಿಯೊಂದು ಕಡ್ಡಿಯೂ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಗಾಳಿ ನಿಲ್ಲುತ್ತದೆ, ಹೊರಮೈ ನುಣುಪಾದುದರಿಂದ ನೀರು ಬೇಗ ಹತ್ತುವುದಿಲ್ಲ, ಬೆಕ್ಕು ಅದರೊಳಗೆ ಕೊರೆದುಕೊಂಡು ಸುತ್ತಲೂ ಹೊದ್ದು ಮಲಗಬಲ್ಲದು. ಹಸಿರಾಗಿರುವಾಗಲೇ ಕೊಯ್ದು ದನಗಳಿಗಾಗಿ ಒಣಗಿಸುವ ಮೇವು ನೋಡಲು ಇದರಂತೆಯೇ ಇದ್ದರೂ ತೇವವನ್ನು ಹೀರಿ ಬೂಷ್ಟು ಹಿಡಿಯುವುದರಿಂದ ಈ ಕೆಲಸಕ್ಕೆ ಒದಗದು. ಕೋಳಿಯ ಒಳಗರಿಗೂ ಈ ಹುಲ್ಲಿಗೂ ಕೆಲಸ ಒಂದೇ, ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದು.

ಒಣ ಆಹಾರ ಚಳಿಯಲ್ಲೂ ಗಟ್ಟಿಯಾಗುವುದಿಲ್ಲವಾದ್ದರಿಂದ ಬೆಕ್ಕಿಗೆ ಎಂದಿಗಿಂತ ಹೆಚ್ಚಾಗಿ ಅದನ್ನು ಒದಗಿಸಬಹುದು. ನೀರಿನದು ಇಲ್ಲಿಯೂ ದೊಡ್ಡ ಸಮಸ್ಯೆ, ಇಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು. ಕಾರಿನ ರೇಡಿಯೇಟರಿನಲ್ಲಿ ನೀರು ಹೆಪ್ಪುಗಟ್ಟದಂತೆ ಸೇರಿಸುವ ಕೂಲಂಟ್ ದ್ರವದಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವಿರುತ್ತದೆ. ಒಂದು ಚಹಾ ಚಮಚದಷ್ಟು ಒಳಹೋದರೂ ಬೆಕ್ಕಿನ ಮೂತ್ರಪಿಂಡಗಳಲ್ಲಿ ಹರಳುಗಳು ಕಟ್ಟಿ ಅದು ಸಾಯಬಹುದು. ಚಿಕಿತ್ಸೆ ಫಲಿಸಬೇಕಾದರೆ ಮೊದಲ ಮೂರು ಗಂಟೆಯೊಳಗೆ ಸಿಗಬೇಕು. ಈ ದ್ರವ ಸಿಹಿಯಾದುದರಿಂದ ಬೆಕ್ಕು ಆಸೆಪಟ್ಟು ನೆಕ್ಕುತ್ತದೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಸಿಹಿಯನ್ನು ಗ್ರಹಿಸುವ ವಂಶವಾಹಿಯೊಂದು ಬೆಕ್ಕಿನ ಕುಲದಲ್ಲಿ ನಿಷ್ಕ್ರಿಯವಾಗಿದೆಯೆಂದು 2005ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಬೆಕ್ಕಿಗೆ ಸಕ್ಕರೆಯ ರುಚಿಯೇ ತಿಳಿಯದು. ಸುತ್ತಲಿನ ನೀರೆಲ್ಲ ಕಲ್ಲಾಗಿರುವಾಗ ನೆಲದ ಮೇಲೆ ದ್ರವವಾಗಿ ಉಳಿಯುವುದು ಇದೊಂದೇ ಎಂಬುದನ್ನು ನೆನೆದರೆ, ಬಾಯಾರಿದ ಜೀವ ಅದರ ಬಳಿಗೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಬಿಸಿಲು ಬೀಳುವ ಕಡೆ ಗಾಢಬಣ್ಣದ ಆಳವಾದ ಪಾತ್ರೆಯಲ್ಲಿ ದಿನಕ್ಕೆ ಎರಡು ಬಾರಿ ಬೆಚ್ಚನೆಯ ನೀರಿಡುವುದು ಆ ಕಾರಣದಿಂದ ಬಾಯಾರಿಕೆಯನ್ನು ಮಾತ್ರವಲ್ಲ, ವಿಷವನ್ನೂ ದೂರವಿಡುವ ಕ್ರಮ.

ಹೊರಗಿನ ಬೆಕ್ಕುಗಳಿಗೆ ಆಸರೆ ಕೊಡುವುದನ್ನು ವಿರೋಧಿಸುವವರಿದ್ದಾರೆ, ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿಯವರೆಗೆ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಅಧ್ಯಯನವೊಂದು ಅಂದಾಜಿಸಿತು. ಆದರೆ ಆ ಬೆಕ್ಕುಗಳು ಕಾಡಿನಿಂದ ಬಂದವಲ್ಲ. ಸಾಕಿ ಕೈಬಿಟ್ಟವರ, ಸಂತಾನ ತಡೆಯದೆ ಹೊರಬಿಟ್ಟವರ ಬೆಕ್ಕುಗಳ ಪೀಳಿಗೆಯವು. ಚಳಿಯಲ್ಲಿ ಸಾಯಲು ಬಿಡುವುದು ಅವುಗಳ ಸಂಖ್ಯೆಗೆ ಪರಿಹಾರವಾಗದು, ಬದುಕುಳಿದವು ವಸಂತದಲ್ಲಿ ಮತ್ತೆ ಮರಿಹಾಕುತ್ತವೆ. ಬೋನಿಟ್ಟು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಇದ್ದಲ್ಲಿಗೇ ಮರಳಿ ಬಿಡುವ ಕ್ರಮವನ್ನು 1990ರಲ್ಲಿ ವಾಷಿಂಗ್ಟನ್ನಿನಲ್ಲಿ ಆರಂಭವಾದ ಆಲಿ ಕ್ಯಾಟ್ ಅಲೈಸ್ ಮೊದಲಾದ ಸಂಸ್ಥೆಗಳು ಅಮೆರಿಕದಲ್ಲಿ ಪ್ರಚುರಪಡಿಸಿದವು. ಬೆಂಗಳೂರಿನ ಬೀದಿನಾಯಿಗಳ ಕಿವಿಯಲ್ಲಿ ಕಾಣುವ ಕಚ್ಚಿನಂತೆ, ಶಸ್ತ್ರಚಿಕಿತ್ಸೆಯಾದ ಬೆಕ್ಕಿನ ಒಂದು ಕಿವಿಯ ತುದಿಯನ್ನು ನೇರವಾಗಿ ಕತ್ತರಿಸಿ ಗುರುತು ಮಾಡಲಾಗುತ್ತದೆ. ಚಳಿಗಾಲದ ಪೆಟ್ಟಿಗೆಗೆ ನಂಬಿ ಬರುವ ಬೆಕ್ಕನ್ನು ಹಿಡಿಯುವುದು ಅಲೆಯುವ ಬೆಕ್ಕನ್ನು ಹಿಡಿಯುವುದಕ್ಕಿಂತ ಸುಲಭ. ಆ ದೃಷ್ಟಿಯಿಂದ ಆಸರೆಯೂ ನಿಯಂತ್ರಣವೂ ಒಂದೇ ಕೆಲಸದ ಎರಡು ಭಾಗಗಳು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಬಿಡುವವರು ಹಕ್ಕಿಗಳಿಗೂ ಬೆಕ್ಕುಗಳಿಗೂ ಹಿತವನ್ನು ಬಯಸಿದಂತಾಗುವುದಿಲ್ಲ.

ಹೊರಗಿನ ಶಾಖ ನಿಜವಾಗಿ ಬೇಕಾದುದು ವಸಂತದಲ್ಲಿ, ಮೊಟ್ಟೆಯಿಂದ ಆಗತಾನೆ ಹೊರಬಂದ ಕೋಳಿಮರಿಗಳಿಗೆ. ಅವುಗಳ ಮೈಮೇಲೆ ಇರುವುದು ನವಿರಾದ ತುಪ್ಪಳ ಮಾತ್ರ. ತಮ್ಮ ಉಷ್ಣಾಂಶವನ್ನು ತಾವೇ ಕಾಯ್ದುಕೊಳ್ಳಲಾರದ ಅವಕ್ಕೆ ತಾಯಿಯಿಲ್ಲದಿದ್ದರೆ ಮೊದಲ ವಾರ ಸುಮಾರು 35 ಡಿಗ್ರಿ ಕಾವು ಕೊಟ್ಟು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ, ಆರು ವಾರಗಳ ಹೊತ್ತಿಗೆ ಪೂರ್ತಿ ಗರಿ ಬಂದ ಮೇಲೆ ನಿಲ್ಲಿಸಬೇಕು. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಹುಟ್ಟಿದ ಹೆಣ್ಣುಮರಿಗಳು ಶರತ್ಕಾಲಕ್ಕೆ ಮೊಟ್ಟೆಗೆ ಬರುತ್ತವೆ. ಮೊದಲ ವರ್ಷ ಅವು ಸಾಮಾನ್ಯವಾಗಿ ಗರಿ ಉದುರಿಸದಿರುವುದರಿಂದ ತಮ್ಮ ಮೊದಲ ಚಳಿಗಾಲವನ್ನು ತುಂಬುಗರಿಯಲ್ಲಿ ಎದುರಿಸುತ್ತವೆ. ಆಗಸ್ಟಿನ ಮರಿಗಳಿಗೆ ಮೈ ಬಲಿಯುವ ಮೊದಲೇ ಹಿಮ ಬೀಳಲು ಆರಂಭವಾಗುತ್ತದೆ. ಆದ್ದರಿಂದ ಮಿನ್ನೆಸೋಟದ ಅನುಭವಿ ರೈತರು ಮರಿಗಳನ್ನು ವಸಂತಕ್ಕೇ ತರಿಸಿಕೊಳ್ಳುತ್ತಾರೆ, ಗೂಡಿನ ಹಳೆಯ ಹಾಸನ್ನೂ ಅದೇ ದಿನಗಳಲ್ಲಿ ಅಗೆದು ಹೊಲದ ಗೊಬ್ಬರದ ರಾಶಿಗೆ ಸಾಗಿಸಿ, ಮುಂದಿನ ಅಕ್ಟೋಬರಿಗೆ ಬೇಕಾಗುವ ಗೋಧಿಹುಲ್ಲನ್ನು ಸುಗ್ಗಿಯಲ್ಲೇ ಕೊಂಡು ಒಣಗಿದ ಜಾಗದಲ್ಲಿ ಎತ್ತಿಡುತ್ತಾರೆ.